ವಾರ್ಸೆನಿಕ್ ಕೇಳಿದ್ದು

ಹೊಕ್ಕುಳಬಳ್ಳಿ ಕೊಯ್ದವರು ಯಾರು, ಸ್ವಾಮಿ?
ಕುರುಬರ ಕಥೆಯಿದೆ, ದೂತರ ಹಾಡಿದೆ,
ಮೂಡಣದವರು ಬಿಚ್ಚಿದ ಗಂಟಿನಲ್ಲಿ
ಏನೇನಿತ್ತೆಂಬ ಪಟ್ಟಿಯೂ ಇದೆ.
ನೀರು ಕಾಯಿಸಿದವರ ಹೆಸರಿಲ್ಲ.
ಮಾಸು ಬೀಳುವವರೆಗೆ ಉಸಿರು ಬಿಗಿಹಿಡಿದು
ಆಮೇಲೆ 'ಸದ್ಯ' ಎಂದವರ ಹೆಸರಿಲ್ಲ.

ತೇರ್ ಮೆಸ್ರೋಪ್ ಗಡ್ಡ ಸವರಿದರು.
ಹಾಸಿಗೆ ಹಿಡಿದವಳಿಗೆ ಪ್ರಸಾದ ಕೊಡಲು
ಮೊಣಕಾಲು ಹಿಮ ತುಳಿದು ಬಂದಿದ್ದರು ಪಾಪ.
'ಬರೆದಿಲ್ಲ ತಾಯಿ,' ಎಂದರು.
'ಬರೆಯದ್ದನ್ನು ನಾನು ಹೇಗೆ ಓದಲಿ?'

ಗ್ಯುಮ್ರಿಯ ಚಳಿ ಇದು, ಕೂಸೇ,
ನಿನ್ನ ಹಟ್ಟಿಯ ಚಳಿಯಲ್ಲ.
ನೆಲ ನಡುಗಿದ ವರ್ಷ
'ಸದ್ಯಕ್ಕೆ ಇರಲಿ' ಎಂದು ಕೊಟ್ಟ ಕಬ್ಬಿಣದ ಡಬ್ಬಿ;
ಆ ಸದ್ಯದೊಳಗೇ ನನಗೆ ಮುಪ್ಪು ಬಂತು.
ಗೋಡೆಗೆ ಒರಗಿದರೆ ಅಂಗಿ ಅಂಟುತ್ತದೆ.

ಸಾವಿರದ ಇನ್ನೂರ ಏಳು.
ಲೆಕ್ಕ ಬರೆದಿಟ್ಟಿದ್ದೇನೆ, ನೀಲಿ ರಟ್ಟಿನ ಪುಸ್ತಕದಲ್ಲಿ:
ದಿನ, ಊರು, ಗಂಡೋ ಹೆಣ್ಣೋ, ಹಿಡಿದ ಕೈ.
ಎಲ್ಲ ಸಾಲಿನಲ್ಲೂ ಹಿಡಿದ ಕೈ ನನ್ನದೇ,
ಈ ಬಲಗೈ.
ಬೇಸಿಗೆಯಲ್ಲಿ ಏಪ್ರಿಕಾಟ್ ಜಾಮ್ ಕಲಕುತ್ತಿದ್ದೆ.
ಸೌಟು ಬಿತ್ತು.
ಎತ್ತಿಕೊಳ್ಳಲು ಬಗ್ಗಿದೆ,
ನಾನು ಬಗ್ಗಿದೆ, ಕೈ ಬರಲಿಲ್ಲ.

ಅಂದಿನಿಂದ ಎದುರು ಡಬ್ಬಿಯ ನಾಜೆಲಿ ಬರುತ್ತಾಳೆ,
ಚಮಚ ಹಿಡಿದು, ಟವಲು ಹಿಡಿದು.
ನನ್ನ ಪುಸ್ತಕದಲ್ಲಿ ಆರುನೂರ ಮೂರನೆಯವಳು,
ಕಾಲು ಮುಂದಾಗಿ ಬಂದ ಹಟಮಾರಿ.
ಅವಳೆದುರು ನಾನು ಬಾಯಿ ಕಚ್ಚಿ ಮಲಗುತ್ತಿದ್ದೆ.
ಕೊಟ್ಟು ಬದುಕಿದ ಹೆಂಗಸು ನಾನು.
ಒಬ್ಬರ ಹಂಗಿನ ನೀರು ಕುಡಿದವಳಲ್ಲ.
ಸೆರಗು ಜಾರಿದರೆ ಸರಿಮಾಡಿಕೊಳ್ಳಲಾಗದೆ
ಗೋಡೆಯ ಕಡೆ ಮುಖ ತಿರುಗಿಸುತ್ತಿದ್ದೆ.

ನಿನ್ನೆ ಹಬ್ಬದ ಹಿಂದಿನ ರಾತ್ರಿ.
ಗುಡಿಯಿಂದ ದೀಪ ಹೊತ್ತು ಬಂದಳು,
ಗಾಳಿಗೆ ಕೋಟು ಅಡ್ಡ ಹಿಡಿದು;
ಎರಡು ಸಲ ಆರಿತಂತೆ, ಎರಡು ಸಲವೂ
ದಾರಿಯವರು ತಮ್ಮದರಿಂದ ಹಚ್ಚಿಕೊಟ್ಟರಂತೆ.
ಕಿಟಕಿಯಲ್ಲಿಟ್ಟಳು. ನೀರು ಕಾಯಿಸಿದಳು.
ಕೇಳಲೇ ಇಲ್ಲ, ನನ್ನ ಕತ್ತಿನ ಕೆಳಗೆ ಅಂಗೈ ಕೊಟ್ಟಳು.

ಆ ಹಿಡಿತ ನಾನು ಬಲ್ಲೆ.
ಹೆಬ್ಬೆರಳು ಈ ಕಿವಿಯ ಹಿಂದೆ, ನಡುಬೆರಳು ಆ ಕಿವಿಯ ಹಿಂದೆ,
ನಡುವೆ ತಲೆಬುರುಡೆಯ ಇಡೀ ಭಾರ.
ಸಾವಿರದ ಇನ್ನೂರ ಏಳು ಸಲ
ಮೇಲಿನಿಂದ ಬಲ್ಲೆ. ಕೆಳಗಿನಿಂದ ಇದೇ ಮೊದಲು.

ಆಗ ನೀನು ನೆನಪಾದೆ, ಕೂಸೇ.
ಚುಕ್ಕಿಗಳನ್ನು ನಿಲ್ಲಿಸಿದವನಿಗೆ
ಕತ್ತು ನಿಲ್ಲುತ್ತಿರಲಿಲ್ಲ.
ಕಡಲಿಗೆ ಮೇರೆ ಹಾಕಿದವನ ಬಟ್ಟೆ
ಒದ್ದೆಯಾದರೆ ಯಾರೋ ಬದಲಿಸಬೇಕಿತ್ತು.
ಕೊಡುವ ದೇವರನ್ನು ಎಪ್ಪತ್ತು ವರ್ಷ ಹಾಡಿದ್ದೇನೆ.
ಕೈಯೊಡ್ಡದೆ, ಕೈಯೊಡ್ಡಲೂ ಬಾರದೆ
ಸುಮ್ಮನೆ ಬಿದ್ದು ಅತ್ತ ದೇವರು
ನನಗೆ ಹೊಸಬ.
ಎಲ್ಲ ಇದ್ದವನಿಗೆ ಒಂದೇ ಇರಲಿಲ್ಲವೇನೋ,
ಇನ್ನೊಬ್ಬರ ಕೈ ಬೇಕಾಗುವುದು.
ಅದಕ್ಕೇ ಇಳಿದೆಯಾ?

ಗೊತ್ತಿಲ್ಲ. ಅತ್ತೆ ಅಷ್ಟೆ.
ನಾಜೆಲಿ ಸೋಪು ಕಣ್ಣಿಗೆ ಹೋಯಿತೆಂದುಕೊಂಡಳು.

ಬೆಳಿಗ್ಗೆ 'ಕ್ರಿಸ್ತ ಹುಟ್ಟಿದ, ಕಾಣಿಸಿಕೊಂಡ' ಎನ್ನುತ್ತಾ ಬಂದಳು,
ಶಿಲುಬೆ ಅದ್ದಿದ ನೀರು ಹಿಡಿದು,
ನನ್ನದೇ ಜಾಮಿನ ಹಳೇ ಶೀಶೆಯಲ್ಲಿ.
'ನಿಮಗೂ ನಮಗೂ ಶುಭವಾರ್ತೆ' ಎನ್ನಬೇಕು;
ಸೊಟ್ಟ ಬಾಯಿಂದ ಅರ್ಧ ಜಾರಿತು.
ಪುಸ್ತಕ ತೆಗೆಸಿದೆ.
ಮೊದಲ ಸಾಲಿಗೂ ಮೇಲೆ, ಅಂಚಿನಲ್ಲಿ,
ಎಡಗೈಯಲ್ಲಿ ಗೀಚಿದೆ:
ಬೆತ್ಲೆಹೇಮ್. ಗಂಡು.
ಹಿಡಿದ ಕೈ —
ಅಲ್ಲಿ ಖಾಲಿ ಬಿಟ್ಟೆ.

'ಸಾರು ಆರಿಹೋಗುತ್ತೆ, ಬಾಯಿ ತೆಗಿ ಅಜ್ಜಿ.'

ತೆಗೆದೆ.